ಹತ್ತಕ್ಕೆ ಎಷ್ಟು?

ಸರ್ಪಸುತ್ತು ವಾಸಿಯಾದ ಮೇಲೂ ಅಮ್ಮನ ನೋವು ಹೋಗಿರಲಿಲ್ಲ. ಬೆನ್ನಿನ ಎಡಗಡೆಯಿಂದ ಎದೆಯ ಕೆಳಗಿನವರೆಗೆ ಪಟ್ಟಿಯಂತೆ ಎದ್ದಿದ್ದ ಗುಳ್ಳೆಗಳು ಒಣಗಿ ಉದುರಿ, ಮಾಸಲು ಕಲೆಗಳಷ್ಟೇ ಉಳಿದಿದ್ದವು. ಮುಟ್ಟಿ ನೋಡಿದರೆ ಊತವಿಲ್ಲ, ಬಿಸಿಯಿಲ್ಲ. ಆದರೂ ಸೆರಗು ಸೋಕಿದರೆ ಸಾಕು, ಹಲ್ಲು ಕಚ್ಚಿ ಉಸಿರು ಹಿಡಿಯುತ್ತಿದ್ದಳು. ಡಾಕ್ಟರು ಕೇಳಿದರು: “ಅಮ್ಮಾ, ಹತ್ತಕ್ಕೆ ಎಷ್ಟು ನೋವಿದೆ ಅಂತ ಹೇಳ್ತೀರಿ?” ಅಮ್ಮ ನನ್ನ ಮುಖ ನೋಡಿದಳು. “ಹತ್ತಕ್ಕೆ ಎಷ್ಟು ಅಂತ ಹೇಗೆ ಹೇಳೋದು ಡಾಕ್ಟ್ರೇ? ಕೆಂಡ ಸವರಿದ ಹಾಗಾಗತ್ತೆ. ನಡುನಡುವೆ ಚಳಕ್ ಅಂತ ಹೊಡೆಯತ್ತೆ.” ಡಾಕ್ಟರು ಚೀಟಿಯಲ್ಲಿ 8 ಎಂದು ಬರೆದುಕೊಂಡರು.

ಜ್ವರಕ್ಕೆ ಥರ್ಮಾಮೀಟರ್ ಇದೆ. ಸಕ್ಕರೆ ನೋಡಲು ಒಂದು ಹನಿ ರಕ್ತ ಸಾಕು. ನೋವಿಗೆ ಅಂಥ ಉಪಕರಣ ಇವತ್ತಿಗೂ ಇಲ್ಲ. ಪ್ರಯೋಗಾಲಯದಲ್ಲಿ ಹೊಸದಾಗಿ ಕೂಡಿಸಿದ ರಾಸಾಯನಿಕವೊಂದು ನೋವು ಕಳೆಯುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ, ಇಲಿಗಳ ಮೇಲಿನ ಪರೀಕ್ಷೆಯೆಲ್ಲ ಮುಗಿದ ಮೇಲೆ, ಕಡೆಗೆ ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಕೇಳಲೇಬೇಕು. ನೋವಿನ ವಿಜ್ಞಾನದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಕಲಿತ ಚರಿತ್ರೆ ಎಂದೇ ನನಗೆ ಅನ್ನಿಸುತ್ತದೆ.

ಯಂತ್ರದಿಂದ ಅಳೆಯುವ ಪ್ರಯತ್ನ ನಡೆಯದೆ ಇಲ್ಲ. 1940ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಹಾರ್ಡಿ, ವುಲ್ಫ್, ಗೂಡೆಲ್ ಎಂಬ ಮೂವರು ನೋವುಮಾಪಕವೊಂದನ್ನು ಕಟ್ಟಿದರು. ಹಣೆಗೆ ಕಪ್ಪು ಶಾಯಿ ಬಳಿದುಕೊಂಡು, ಅದರ ಮೇಲೆ ದೀಪದ ಬೆಳಕನ್ನು ಮಸೂರದಿಂದ ಮೂರು ಸೆಕೆಂಡು ಹಾಯಿಸುವುದು. ಬಿಸಿ ಎಂಬ ಅನುಭವ ಚುಚ್ಚಿದ ನೋವಾಗುವ ಗಳಿಗೆಯನ್ನು ಗುರುತಿಸುವುದು. ಹಣೆ ಒಡ್ಡಿದವರು ಸ್ವತಃ ಆ ಮೂವರೇ. ಚರ್ಮದ ಬಿಸಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ನೋವು ಶುರುವಾಗುತ್ತಿತ್ತು. ಜೀವಕೋಶಗಳು ಸುಟ್ಟು ಹಾಳಾಗತೊಡಗುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ಸುಟ್ಟ ಮೇಲೆ ಕೂಗುವುದಲ್ಲ, ಸುಡುವ ಹೊಸಿಲಿನಲ್ಲೇ ಎಚ್ಚರಿಸುವುದು ನೋವಿನ ಕೆಲಸವೆಂದು ಇದರಿಂದ ಸ್ಪಷ್ಟವಾಯಿತು. ನೋವಿಗೆ ‘ಡಾಲ್’ ಎಂಬ ಮಾನವನ್ನೂ ಅವರು ಹುಟ್ಟುಹಾಕಿದರು.

ಮುಂದಿನ ಹೆಜ್ಜೆಯನ್ನು ಓದುವಾಗ ನನಗೆ ಸಂಕಟವಾಗುತ್ತದೆ. 1940ರ ದಶಕದ ಕೊನೆಗೆ ಹೆರಿಗೆ ಬೇನೆಯಲ್ಲಿದ್ದ ಹೆಂಗಸರ ಕೈಗೆ, ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಈ ಬೆಳಕು ಹಾಯಿಸಿ, ಈಗ ಬಂದ ಬೇನೆ ಈ ಸುಡುವಿಕೆಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರು. ನೋವಿನ ಮೇಲೆ ನೋವು ಹಾಕಿ ತೂಗುವ ತಕ್ಕಡಿ ಅದು. ಆ ತಾಯಂದಿರು ವಿಜ್ಞಾನಕ್ಕೆ ಕೊಟ್ಟದ್ದು ದೊಡ್ಡದು. ಅವರಿಂದ ಅದನ್ನು ಕೇಳಬಾರದಿತ್ತು.

ಅಷ್ಟೆಲ್ಲ ಮಾಡಿಯೂ ಡಾಲ್ ಉಳಿಯಲಿಲ್ಲ. ಕಾರಣವನ್ನು ಮೊದಲು ಕಂಡವನು ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಗಾಯಾಳುಗಳನ್ನು ನೋಡಿಕೊಂಡವನು. ಮೂಳೆ ಮುರಿದ, ಹೊಟ್ಟೆ ಬಗಿದ ಸೈನಿಕರನ್ನು ‘ನೋವಿಗೆ ಮದ್ದು ಬೇಕೇ?’ ಎಂದು ಕೇಳಿದಾಗ ಸುಮಾರು ಮುಕ್ಕಾಲು ಪಾಲು ಜನ ಬೇಡ ಎಂದರು. ಅಷ್ಟೇ ದೊಡ್ಡ ಗಾಯಕ್ಕೆ ಊರಿನ ಆಸ್ಪತ್ರೆಯಲ್ಲಿ ಹೆಚ್ಚಿನವರು ಮದ್ದು ಬೇಡುತ್ತಿದ್ದರು. ಸೈನಿಕನಿಗೆ ಆ ಗಾಯ ಯುದ್ಧದಿಂದ ಜೀವಸಹಿತ ಮನೆಗೆ ಹೋಗುವ ರಹದಾರಿ. ಊರಿನವನಿಗೆ ಅದು ಬದುಕೇ ಕುಸಿದ ಗಳಿಗೆ. ಬೀಚರ್ ಇನ್ನೊಂದನ್ನೂ ಗಮನಿಸಿದ: ಪ್ರಯೋಗಾಲಯದಲ್ಲಿ ಸುಟ್ಟು ಹುಟ್ಟಿಸಿದ ನೋವಿನ ಮೇಲೆ ಮಾರ್ಫಿನ್‌ನಂಥ ಮಾರ್ಫಿನ್ನೇ ಒಮ್ಮೆ ಕೆಲಸ ಮಾಡಿದಂತೆ ಕಂಡರೆ ಇನ್ನೊಮ್ಮೆ ಕಾಣುತ್ತಿರಲಿಲ್ಲ. ದೀಪದಡಿ ಹಣೆ ಒಡ್ಡಿದವನಿಗೆ, ಬೇಡವೆಂದರೆ ದೀಪ ಆರುತ್ತದೆಂಬ ಭರವಸೆಯಿರುತ್ತದೆ. ರೋಗಿಗೆ ಅದಿಲ್ಲ.

ಬೀಚರ್‌ನ ಎಚ್ಚರಿಕೆಯ ನಂತರವೂ ಮನುಷ್ಯರು ತಮ್ಮ ಮೈಯನ್ನೇ ಉಪಕರಣ ಮಾಡಿಕೊಳ್ಳುವುದು ನಿಲ್ಲಲಿಲ್ಲ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಕೀಲ್ ಮತ್ತು ಡಿಸೈರೇ ಆರ್ಮ್‌ಸ್ಟ್ರಾಂಗ್ 1950ರ ದಶಕದಲ್ಲಿ ಒಂದು ಸರಳ ವಿಧಾನ ಕಂಡುಕೊಂಡರು. ಒಂದು ಜಾತಿಯ ಜೀರುಂಡೆಯಿಂದ ಸಿಗುವ ಕ್ಯಾಂಥರಿಡಿನ್ ಹಚ್ಚಿ ಮುಂಗೈ ಮೇಲೆ ಬೊಬ್ಬೆ ಏಳಿಸುವುದು, ಮೇಲಿನ ತೆಳುಪೊರೆಯನ್ನು ಕತ್ತರಿಸಿ ತೆಗೆಯುವುದು, ತೆರೆದ ಹಸಿ ಚರ್ಮದ ಮೇಲೆ ಪರೀಕ್ಷಿಸಬೇಕಾದ ದ್ರಾವಣ ಬಿಡುವುದು. ಆಮ್ಲ, ಪೊಟ್ಯಾಸಿಯಂ, ಸೆರೊಟೋನಿನ್, ಬ್ರಾಡಿಕೈನಿನ್ ಹೀಗೆ ಒಂದೊಂದನ್ನೇ ಬಿಟ್ಟು, ಯಾವುದು ಎಷ್ಟು ಹೊತ್ತು ಎಷ್ಟು ಉರಿಸುತ್ತದೆಂದು ಬರೆದಿಟ್ಟರು. ಗಾಯವಾದಾಗ ನಮ್ಮ ರಕ್ತ ಮತ್ತು ಜೀವಕೋಶಗಳೇ ಉರಿ ತರುವ ರಾಸಾಯನಿಕಗಳನ್ನು ಸುರಿಯುತ್ತವೆ ಎಂಬ ಅರಿವು ಗಟ್ಟಿಯಾದದ್ದು ಇಂಥ ಕೈಗಳಿಂದ.

ಮೈಯನ್ನೇ ಉಪಕರಣ ಮಾಡಿಕೊಂಡ ಕಥೆಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಸ್ವೀಡನ್ನಿನದು. 1930ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ಹಾನ್ಸ್ ಫಾನ್ ಆಯ್ಲರ್ ಎಂಬ ರಸಾಯನಶಾಸ್ತ್ರಜ್ಞನ ತಂಡ ಬಾರ್ಲಿ ಗಿಡದಿಂದ ಗ್ರಾಮಿನ್ ಎಂಬ ವಸ್ತುವನ್ನು ಬೇರ್ಪಡಿಸಿತ್ತು. ಅದರ ರಚನೆ ಅರಿಯಲು ಹೋಲ್ಗರ್ ಎರ್ಟ್‌ಮನ್ ಅದನ್ನು ಕೈಯಾರೆ ಕೂಡಿಸಲು ಹೊರಟ. ಬಂದದ್ದು ಗ್ರಾಮಿನ್ ಅಲ್ಲ, ಅದರ ದಾಯಾದಿ. ಆ ಕಾಲದ ರೂಢಿಯಂತೆ ಒಂದಿಷ್ಟನ್ನು ನಾಲಿಗೆಗೆ ತಾಗಿಸಿಕೊಂಡ. ನಾಲಿಗೆ ಮರಗಟ್ಟಿತು. ಬಾರ್ಲಿಯ ಗ್ರಾಮಿನ್‌ಗೆ ಈ ಗುಣವಿರಲಿಲ್ಲ. ಮನುಷ್ಯ ತಪ್ಪಿ ಮಾಡಿದ ವಸ್ತುವಿಗೆ ಇತ್ತು.

ಈ ಎಳೆ ಹಿಡಿದು ಅವನ ಜೊತೆಗಿದ್ದ ನಿಲ್ಸ್ ಲೋಫ್‌ಗ್ರೆನ್ ವರ್ಷಗಟ್ಟಲೆ ಅಣುಗಳನ್ನು ತಿರುಚಿ ತಿದ್ದಿ ಹೊಸ ಹೊಸ ವಸ್ತುಗಳನ್ನು ಮಾಡಿ ನಾಲಿಗೆಯ ಮೇಲಿಟ್ಟು ನೋಡಿದ. 1943ರಲ್ಲಿ ಬಂದದ್ದಕ್ಕೆ ‘ಎಲ್‌ಎಲ್ 30’ ಎಂದು ಹೆಸರಿಟ್ಟರು. ಎರಡನೆಯ ‘ಎಲ್’ ಅವನ ಕಿರಿಯ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್‌ನದು. ಈ ತರುಣ ಅರಿವಳಿಕೆಯ ಪುಸ್ತಕವೊಂದನ್ನು ಎರವಲು ತಂದು, ಅದನ್ನು ನೋಡಿಕೊಂಡು ತನ್ನ ಬೆರಳುಗಳಿಗೇ ಚುಚ್ಚಿಕೊಂಡು ಪರೀಕ್ಷಿಸಿದ. ಆ ವಸ್ತುವೇ ಲಿಗ್ನೋಕೇನ್. 1948ರಲ್ಲಿ ಜೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚಿಸಿಕೊಂಡವರೆಲ್ಲ ಆ ಎರಡು ಕೈಗಳಿಗೆ ಋಣಿಗಳು.

ಲಿಗ್ನೋಕೇನ್ ಮಾಡುವುದೇನು? ನರದ ಎಳೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಎಳೆಯ ಗೋಡೆಯುದ್ದಕ್ಕೂ ಪುಟ್ಟ ಬಾಗಿಲುಗಳಿವೆ. ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲಿನ ಬಾಗಿಲುಗಳು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ತೆರೆದುಕೊಂಡು ಸೋಡಿಯಂ ಒಳನುಗ್ಗುತ್ತದೆ. ಆ ನುಗ್ಗುವಿಕೆಯಿಂದ ಪಕ್ಕದ ಬಾಗಿಲು ತೆರೆಯುತ್ತದೆ, ಅದರಿಂದ ಮುಂದಿನದು. ಹೀಗೆ ಸುದ್ದಿ ಬೆನ್ನುಹುರಿ ಮುಟ್ಟುತ್ತದೆ. ಲಿಗ್ನೋಕೇನ್ ಈ ಬಾಗಿಲುಗಳಿಗೆ ಒಳಗಿನಿಂದ ಅಗುಳಿ ಹಾಕುತ್ತದೆ. ತೊಂದರೆಯೆಂದರೆ ಅದು ಯಾವ ಬಾಗಿಲಿಗೂ ಭೇದ ಮಾಡುವುದಿಲ್ಲ. ಸ್ಪರ್ಶದ ನರವೂ ಮರಗಟ್ಟುತ್ತದೆ, ಅದಕ್ಕೇ ಹಲ್ಲಿನ ಡಾಕ್ಟರ ಮನೆಯಿಂದ ಹೊರಬಂದಾಗ ತುಟಿ ನಮ್ಮದಲ್ಲ ಅನ್ನಿಸುವುದು. ಮೈಗೆಲ್ಲ ಹರಡುವಷ್ಟು ಕೊಟ್ಟರೆ ಮಿದುಳು, ಹೃದಯಗಳ ಬಾಗಿಲೂ ಮುಚ್ಚತೊಡಗುತ್ತದೆ. ನೋವಿನ ನರದ ಬಾಗಿಲನ್ನಷ್ಟೇ ಮುಚ್ಚುವ ಮದ್ದು ಸಾಧ್ಯವೇ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಆದರೆ ನೋವಿನ ನರವೆಂಬುದು ಬೇರೆಯೇ ಇದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಮೆಣಸಿನಕಾಯಿಯಲ್ಲಿ.

ಖಾರ ಒಂದು ರುಚಿಯಲ್ಲ, ನೋವು. ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಕಣ್ಣಿಗೆ ಒರೆಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ; ಕಣ್ಣಿಗೆ ರುಚಿ ಎಲ್ಲಿದೆ? 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಖಾರ ಅಳೆಯಲು ಹೊರಟಾಗ ಅವನೂ ನಾಲಿಗೆಯನ್ನೇ ನಂಬಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರು ಬೆರೆಸಿ ತೆಳುವಾಗಿಸುತ್ತ ಹೋಗುವುದು, ಎಷ್ಟು ಪಟ್ಟು ತೆಳುವಾಗಿಸಿದಾಗ ರುಚಿ ನೋಡುವವರಿಗೆ ಖಾರ ತಿಳಿಯದಾಗುತ್ತದೋ ಅದೇ ಅದರ ಅಂಕ. ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿಗೆ ಈ ಲೆಕ್ಕದಲ್ಲಿ ಗುಂಟೂರಿಗಿಂತ ಕಡಿಮೆ ಅಂಕ. ಖಾರದ ಮೂಲವಸ್ತುವಾದ ಶುದ್ಧ ಕ್ಯಾಪ್ಸೈಸಿನ್‌ಗೆ 1.6 ಕೋಟಿ. ಮೊರಾಕೊದ ಒಂದು ಕಳ್ಳಿಯ ಹಾಲಿನಲ್ಲಿ ರೆಸಿನಿಫೆರಟಾಕ್ಸಿನ್ ಎಂಬ ವಸ್ತುವಿದೆ. ಅದಕ್ಕೆ 1,600 ಕೋಟಿ.

ಹಂಗೆರಿಯ ಮಿಕ್ಲೋಶ್ ಯಾಂಚೊ 1940ರ ದಶಕದಲ್ಲಿ ಒಂದು ವಿಚಿತ್ರ ಕಂಡಿದ್ದ. ಒಂದೇ ಜಾಗಕ್ಕೆ ಕ್ಯಾಪ್ಸೈಸಿನ್ ಮತ್ತೆ ಮತ್ತೆ ಹಚ್ಚಿದರೆ ಮೊದಲು ವಿಪರೀತ ಉರಿ, ಆಮೇಲೆ ಆ ಜಾಗಕ್ಕೆ ಬೇರೆ ಉರಿಗಳೂ ತಟ್ಟುವುದಿಲ್ಲ; ಮುಟ್ಟಿದ್ದು ಮಾತ್ರ ತಿಳಿಯುತ್ತದೆ. ಅಂದರೆ ಖಾರ ಆರಿಸಿಕೊಂಡದ್ದು ನೋವಿನ ನರವನ್ನಷ್ಟೆ. ಆ ನರದಲ್ಲಿ ಖಾರ ಕೂರುವ ಜಾಗ ಯಾವುದು? 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ ತಂಡ ಅದನ್ನು ಹಿಡಿಯಿತು. ಇಲಿಯ ನೋವಿನ ನರಗಳಲ್ಲಿ ಕೆಲಸ ಮಾಡುವ ವಂಶವಾಹಿಗಳನ್ನು ಖಾರವೇ ತಿಳಿಯದ ಜೀವಕೋಶಗಳಿಗೆ ಕಂತು ಕಂತಾಗಿ ತುಂಬಿ, ಯಾವ ಕೋಶ ಕ್ಯಾಪ್ಸೈಸಿನ್‌ಗೆ ಬೆಚ್ಚಿ ಹೊಳೆಯುತ್ತದೆಂದು ಕಾದರು. ಸಿಕ್ಕಿದ ವಂಶವಾಹಿ ಮಾಡುವ ಪ್ರೋಟೀನು ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ತೆರೆದುಕೊಳ್ಳುತ್ತಿತ್ತು. ಮೆಣಸಿನಕಾಯಿ ತಿಂದಾಗ ಬಾಯಿ ‘ಸುಡುತ್ತದೆ’ ಎನ್ನುವುದು ಉಪಮೆಯಲ್ಲ. ನರಕ್ಕೆ ಬೆಂಕಿಯೂ ಖಾರವೂ ಒಂದೇ ಬಾಗಿಲು. ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು.

ಈ ಬಾಗಿಲು ಮುಚ್ಚಿದರೆ ನೋವು ಹೋದಂತೆಯೇ ಎಂದು ಕಂಪನಿಗಳು ಹೊಸ ಅಣುಗಳನ್ನು ಕೂಡಿಸಿದವು. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಅಂಥದೊಂದನ್ನು ಕೊಟ್ಟಾಗ ಕೆಲವರ ಮೈ 40 ಡಿಗ್ರಿಗೆ ಏರಿತು. ಅದೇ ಬಾಗಿಲು ದೇಹದ ಬಿಸಿಯನ್ನು ಹದದಲ್ಲಿಡುವ ಕೆಲಸವನ್ನೂ ಮಾಡುತ್ತಿತ್ತು. ಇನ್ನು ಕೆಲವು ಅಣುಗಳಿಂದ, ಚರ್ಮ ಸುಡಬಲ್ಲ ಬಿಸಿನೀರೂ ಹಿತವೆನಿಸತೊಡಗಿತು. ಹೊಸ ಅಣು ಸೋತ ಕಡೆ ಹಳೆಯ ಖಾರವೇ ನೆರವಾದದ್ದುಂಟು. ಸರ್ಪಸುತ್ತಿನ ನಂತರದ ನೋವಿಗೆ ಕ್ಯಾಪ್ಸೈಸಿನ್ ಪಟ್ಟಿಯನ್ನು 2009ರಲ್ಲಿ ಅಮೆರಿಕ ಒಪ್ಪಿತು. ಅಮ್ಮನಿಗೂ ಡಾಕ್ಟರು ಬರೆದುಕೊಟ್ಟದ್ದು ಕ್ಯಾಪ್ಸೈಸಿನ್‌ನ ತೆಳು ಮುಲಾಮು. ಉರಿಯುವ ಜಾಗಕ್ಕೆ ಮೆಣಸಿನಕಾಯಿಯೇ ಎಂದು ಅವಳು ಹೆದರಿದ್ದಳು. ಮೊದಲ ವಾರ ಇನ್ನೂ ಉರಿಯಿತು. ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ, “ಇವತ್ತು ಸೀರೆ ಉಟ್ಟೆ ನೋಡು” ಎಂದಳು. ಅಷ್ಟು ದಿನ ಸಡಿಲ ನೈಟಿಯಲ್ಲೇ ಕಳೆದಿದ್ದವಳು. ಹತ್ತಕ್ಕೆ ಎಷ್ಟು ಎಂಬುದಕ್ಕೆ ಅವಳು ಕೊಟ್ಟ ಉತ್ತರ ಅದು.

ಮತ್ತೆ ಸೋಡಿಯಂ ಬಾಗಿಲುಗಳಿಗೆ ಬರೋಣ. ನಮ್ಮ ಮೈಯಲ್ಲಿ ಅವುಗಳದ್ದು ಒಂಬತ್ತು ಬಗೆ. ವಿಜ್ಞಾನಿಗಳು 1.1ರಿಂದ 1.9ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಹೃದಯದ್ದು 1.5, ಸ್ನಾಯುವಿನದು 1.4, ಮಿದುಳಿನವು ಇನ್ನು ಕೆಲವು. ನೋವಿನ ನರದಲ್ಲಿ 1.7, 1.8, 1.9 ಎದ್ದು ಕಾಣುತ್ತವೆ. ಇವುಗಳಲ್ಲಿ 1.7 ಎಷ್ಟು ದೊಡ್ಡದೆಂದು ತೋರಿಸಿದ್ದು ಪಾಕಿಸ್ತಾನದ ಒಬ್ಬ ಹುಡುಗ.

ಹತ್ತು ವರ್ಷದ ಹುಡುಗ. ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ತೋರಿಸಿ ಕಾಸು ಗಳಿಸುತ್ತಿದ್ದ. ಆಟ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬರುವುದು ಅವನ ರೂಢಿ. ಅವನ ಸುದ್ದಿ ಕೇಂಬ್ರಿಜ್‌ನ ವಂಶವಾಹಿ ತಜ್ಞ ಜೆಫ್ರಿ ವುಡ್ಸ್‌ಗೆ ತಲುಪಿತು. ಆದರೆ ಪರೀಕ್ಷೆ ನಡೆಯುವ ಮೊದಲೇ, ಹದಿನಾಲ್ಕು ತುಂಬುವ ಹೊತ್ತಿಗೆ, ಮನೆಯ ಮಾಳಿಗೆಯಿಂದ ಜಿಗಿದು ಸತ್ತುಹೋದ. ಎತ್ತರದಿಂದ ಬಿದ್ದರೆ ಏನಾಗುತ್ತದೆಂದು ಉಳಿದ ಮಕ್ಕಳಿಗೆ ಮಂಡಿ ತರಚಿ ತರಚಿ ಗೊತ್ತಾಗಿರುತ್ತದೆ. ಅವನಿಗೆ ಆ ಪಾಠ ಹೇಳಲು ಯಾರೂ ಇರಲಿಲ್ಲ.

ಅವನ ಬಂಧುಬಳಗದ ಮೂರು ಕುಟುಂಬಗಳಲ್ಲಿ ಅಂಥದೇ ಆರು ಜನ ಸಿಕ್ಕಿದರು. ಎಲ್ಲರ ತುಟಿ, ನಾಲಿಗೆಗಳಲ್ಲಿ ತಾವೇ ಕಚ್ಚಿಕೊಂಡ ಗಾಯ. ಇಬ್ಬರಿಗೆ ನಾಲಿಗೆಯ ತುದಿಯೇ ಇರಲಿಲ್ಲ. ಸ್ಪರ್ಶ, ಬಿಸಿ, ತಂಪು, ಕಚಗುಳಿ ಎಲ್ಲವೂ ತಿಳಿಯುತ್ತಿದ್ದವು. ನೋವೊಂದೇ ತಿಳಿಯದು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಾರಣ ಪ್ರಕಟವಾಯಿತು: 1.7 ಬಾಗಿಲನ್ನು ಮಾಡುವ ವಂಶವಾಹಿ ಅವರಲ್ಲಿ ಕೆಟ್ಟಿತ್ತು. ಅದಕ್ಕೆ ಎರಡು ವರ್ಷ ಹಿಂದೆ ಚೀನಾದಲ್ಲಿ ಇದಕ್ಕೆ ತದ್ವಿರುದ್ಧವಾದ ಕುಟುಂಬ ಪತ್ತೆಯಾಗಿತ್ತು. ಅವರಲ್ಲಿ ಅದೇ ಬಾಗಿಲು ಸುಲಭವಾಗಿ ತೆರೆದುಕೊಂಡು, ಕೊಂಚ ಸೆಕೆಗೂ ಕೈಕಾಲು ಕೆಂಪಾಗಿ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಒಂದೇ ಪ್ರೋಟೀನಿನ ಒಂದು ತುದಿಗೆ ನೋವೇ ಇಲ್ಲದ ಬಾಳು, ಇನ್ನೊಂದು ತುದಿಗೆ ಬಿಡುವೇ ಇಲ್ಲದ ಉರಿ. ಮನುಷ್ಯರ ನೋವಿನ ಸೂಕ್ಷ್ಮತೆ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಪುರಾವೆ ನಾನು ಕಂಡಿಲ್ಲ. ‘ಅಷ್ಟಕ್ಕೆಲ್ಲ ಅಳ್ತಾರೇನೋ’ ಎಂದು ಮಕ್ಕಳಿಗೆ ಹೇಳುವ ಮುನ್ನ ನಾವು ಇದನ್ನು ನೆನೆಯಬೇಕು.

ಇನ್ನೇನು, 1.7ಕ್ಕೆ ಅಗುಳಿ ಮಾಡಿದರೆ ಆಯಿತು ಎಂದು ದೊಡ್ಡ ದೊಡ್ಡ ಕಂಪನಿಗಳು ಇಳಿದವು. ಕೂಡಿಸಿದ ಅಣುಗಳು ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದವು. ರೋಗಿಗಳಲ್ಲಿ ಮಾತ್ರ ಕೈಕೊಟ್ಟವು. ಸಕ್ಕರೆ ಕಾಯಿಲೆಯಿಂದ ಬರುವ ನರದ ನೋವಿನಲ್ಲಿ ಫೈಜರ್ ತನ್ನ ಅಣುವನ್ನು ಪರೀಕ್ಷಿಸಿದಾಗ ಮದ್ದೇ ಇಲ್ಲದ ಖಾಲಿ ಗುಳಿಗೆಗಿಂತ ಖಚಿತವಾಗಿ ಮೇಲೆನ್ನುವ ಫಲ ಬರಲಿಲ್ಲ. ಹುಟ್ಟಿನಿಂದ ಬಾಗಿಲೇ ಇಲ್ಲದಿರುವುದಕ್ಕೂ ಐವತ್ತನೆಯ ವಯಸ್ಸಿನಲ್ಲಿ ಅದನ್ನು ಅರೆಬರೆ ಮುಚ್ಚುವುದಕ್ಕೂ ವ್ಯತ್ಯಾಸವಿದೆ. 2015ರಲ್ಲಿ ಲಂಡನ್ನಿನ ಜಾನ್ ವುಡ್ ತಂಡ ಇನ್ನೊಂದು ಸುಳಿವು ಕೊಟ್ಟಿತು. 1.7 ಇಲ್ಲದ ಇಲಿಗಳಲ್ಲಿ ದೇಹವೇ ತಯಾರಿಸುವ ಅಫೀಮಿನಂಥ ವಸ್ತು ಹೆಚ್ಚಿತ್ತು. ನೋವೇ ಅರಿಯದ 39 ವರ್ಷದ ಹೆಂಗಸೊಬ್ಬಳಿಗೆ ಅಫೀಮಿನ ಪ್ರಭಾವ ಇಳಿಸುವ ನಲಾಕ್ಸೋನ್ ಕೊಟ್ಟು ಲೇಸರ್ ತಾಗಿಸಿದಾಗ ಬದುಕಿನಲ್ಲಿ ಮೊದಲ ಸಲ ಅವಳಿಗೆ ನೋವಾಯಿತು. ಬಾಗಿಲು ಮುಚ್ಚಿದ್ದಷ್ಟೇ ಕಾರಣವಲ್ಲ, ಒಳಗೆ ಮನೆಮದ್ದೂ ನಡೆದಿತ್ತು.

ಗೆದ್ದದ್ದು ಪಕ್ಕದ ಬಾಗಿಲು. 1.8 ಅನ್ನು 1996ರಲ್ಲೇ ಜಾನ್ ವುಡ್ ಬಳಗ ಗುರುತಿಸಿತ್ತು. ಅದು ಬಹುಮಟ್ಟಿಗೆ ಮೈಯಂಚಿನ ನೋವಿನ ನರಗಳಲ್ಲೇ ಇರುತ್ತದೆ, ಮಿದುಳಿನಲ್ಲಿ ಅದರ ಕೆಲಸವಿಲ್ಲ. ಹಾಗಾಗಿ ಅದಕ್ಕೆ ಹಾಕುವ ಅಗುಳಿಯಿಂದ ಅಮಲೇರುವ ಭಯವಿಲ್ಲ. ಅಮೆರಿಕದಲ್ಲಿ 2021 ಮತ್ತು 2022ರಲ್ಲಿ ವರ್ಷಕ್ಕೆ 80 ಸಾವಿರದಷ್ಟು ಜನ ಅಫೀಮು ಬಗೆಯ ವಸ್ತುಗಳು ಮಿತಿಮೀರಿ ಸತ್ತಿದ್ದಾರೆ. ಅಲ್ಲಿನವರಿಗೆ ಈ ಗುಣ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಬಾಸ್ಟನ್ನಿನ ವರ್ಟೆಕ್ಸ್ ಕಂಪನಿ ಹಲವು ಅಣುಗಳನ್ನು ಕೈಬಿಟ್ಟ ಮೇಲೆ ಸುಜೆಟ್ರಿಜಿನ್‌ಗೆ ಬಂತು. ಉಳಿದ ಎಂಟು ಬಾಗಿಲುಗಳಿಗಿಂತ 1.8ರ ಮೇಲೆ ಅದರ ಒಲವು ಕನಿಷ್ಠ 31 ಸಾವಿರ ಪಟ್ಟು. ಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಸಾವಿರಕ್ಕೂ ಹೆಚ್ಚು, ಕಾಲಿನ ಹೆಬ್ಬೆರಳ ಬುಡದ ಮೂಳೆ ಸರಿಪಡಿಸಿಕೊಂಡ ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆಗಳು ನಡೆದವು. 48 ಗಂಟೆಯುದ್ದಕ್ಕೂ ಅದೇ ಪ್ರಶ್ನೆ, ಅದೇ 0ಯಿಂದ 10. ಖಾಲಿ ಗುಳಿಗೆಗಿಂತ ಮೇಲೆಂದು ಸಾಬೀತಾಯಿತು. ಅಫೀಮು ಬಗೆಯ ಹೈಡ್ರೊಕೋಡೋನ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ ಗುಳಿಗೆಯನ್ನು ಮೀರಲಿಲ್ಲ. 2025ರ ಜನವರಿ 30ರಂದು ಅಮೆರಿಕ ಒಪ್ಪಿಗೆ ಕೊಟ್ಟಿತು. ಆಗ ಒಂದು ಗುಳಿಗೆಗೆ ಇಟ್ಟ ಬೆಲೆ 15.50 ಡಾಲರ್.

ಆ ಬೆಲೆ ಓದಿದಾಗ ನನಗೆ ನಮ್ಮ ಮಾರ್ಫಿನ್ ನೆನಪಾಯಿತು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಗಸಗಸೆ ಗಿಡ ಬೆಳೆದು ಅಫೀಮು ತೆಗೆಯುತ್ತೇವೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ, ಕ್ಯಾನ್ಸರಿನ ಕಡೆಗಾಲದಲ್ಲಿ ನರಳುವವರಿಗೂ ಮಾರ್ಫಿನ್ ಸಿಗದಂತಾಗಿತ್ತು. 2014ರಲ್ಲಿ ಕಾಯ್ದೆ ತಿದ್ದಿದರೂ ಸಣ್ಣ ಊರುಗಳ ಎಷ್ಟೋ ಮನೆಗಳಿಗೆ ಅದಿನ್ನೂ ತಲುಪಿಲ್ಲ. ಎರಡು ಶತಮಾನದಿಂದ ಗೊತ್ತಿರುವ ಅಗ್ಗದ ಮದ್ದು ಕೈಗೆಟುಕದಿರುವುದು ನನಗೆ ಯಾವ ವೈಜ್ಞಾನಿಕ ಒಗಟಿಗಿಂತಲೂ ಹೆಚ್ಚು ನೋವಿನ ಸಂಗತಿ.

ಸುಜೆಟ್ರಿಜಿನ್‌ನ ಇನ್ನೊಂದು ಪರೀಕ್ಷೆಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಹೊರಬಂತು. ಇದು ಶಸ್ತ್ರಚಿಕಿತ್ಸೆಯ ನಾಲ್ಕು ದಿನದ ನೋವಲ್ಲ, ಸೊಂಟದಿಂದ ಕಾಲಿಗೆ ಇಳಿದು ತಿಂಗಳುಗಟ್ಟಲೆ ಸೆಳೆಯುವ ನರದ ನೋವು. ಹನ್ನೆರಡು ವಾರದ ಕೊನೆಗೆ ಮದ್ದು ನುಂಗಿದವರ ನೋವು ಹತ್ತರ ಅಳತೆಯಲ್ಲಿ ಸರಾಸರಿ 2.02ರಷ್ಟು ಇಳಿದಿತ್ತು. ಖಾಲಿ ಗುಳಿಗೆ ನುಂಗಿದವರದ್ದು 1.98. ಅವರಾರೂ ಸುಳ್ಳು ಹೇಳಿರಲಿಲ್ಲ. ಕೇಳಿದಾಗಲೆಲ್ಲ ತಮ್ಮ ಸೊಂಟ, ತಮ್ಮ ಕಾಲುಗಳನ್ನು ಒಳಗಿನಿಂದ ನೋಡಿಕೊಂಡು ಕಂಡ ಸಂಖ್ಯೆಯನ್ನೇ ಹೇಳಿದ್ದರು.